15,000 ಕ್ವಾಚಾ: ಮಲಾವಿಯ ಹಳ್ಳಿಯೊಂದರ ಬೋರಿಂಗ್ ಪ್ರಕರಣ

2016ರ ಅಕ್ಟೋಬರಿನ ಒಂದು ಬುಧವಾರ ಬೆಳಗ್ಗೆ ಊರಿನ ಕೈಪಂಪಿನ ಹಿಡಿ ಇದ್ದಕ್ಕಿದ್ದಂತೆ ಹಗುರವಾಯಿತು. ಎಷ್ಟು ಹೊಡೆದರೂ ನೀರಿಲ್ಲ. ಪಾಳಿಯಲ್ಲಿ ನನ್ನ ಮುಂದೆ 11 ಬಕೆಟ್ ಇದ್ದವು. ಶನಿವಾರ ಸಂಜೆ ಹೊತ್ತಿಗೆ ಪಂಪು ಮತ್ತೆ ನೀರು ಕೊಡುತ್ತಿತ್ತು. ದುಡ್ಡು ಕೊಟ್ಟು ರಿಪೇರಿ ಮಾಡಿಸಿದವಳು ನಾನು. ಒಳ್ಳೆಯ ಕೆಲಸ ಆಯಿತು ಅಂದುಕೊಂಡು ಆ ರಾತ್ರಿ ಮಲಗಿದೆ. ಅದರಿಂದ ಒಬ್ಬ ಹೆಂಗಸಿಗೆ ಏನಾಯಿತು ಅಂತ ನನಗೆ ಗೊತ್ತಾಗಲು ಮೂರು ತಿಂಗಳು ಹಿಡಿಯಿತು.

ಹೊರದೇಶದ ಹಳ್ಳಿಗೆ ಸ್ವಯಂಸೇವಕರಾಗಿ ಹೊರಟವರು ಕೆಲವರು ನನ್ನನ್ನು ಕೇಳುತ್ತಾರೆ. ಅಲ್ಲಿ ಊಟ ಹೇಗೆ, ಕರೆಂಟ್ ಇರುತ್ತಾ, ಭಾಷೆ ಕಷ್ಟವಾ ಅಂತ. ಅದನ್ನೂ ಹೇಳುತ್ತೇನೆ. ಆದರೆ ಅಲ್ಲಿನ ನನ್ನ ದಿನಗಳೆಲ್ಲ ಆ ಪಂಪಿನ ಸುತ್ತಲೇ ನಡೆದಿದ್ದರಿಂದ, ಪಂಪಿನ ಜೊತೆಗೇ ಹೇಳಬೇಕು. ಊರಿನ ಹೆಸರು, ಜನರ ಹೆಸರು ಹಾಕಿಲ್ಲ. ಅದು ಅವರ ಮನೆ ವಿಷಯ.

ಅಲ್ಲಿನ ದಿನಗಳು

ನಾನು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತಿದ್ದೆ. 2016ರ ಜನವರಿಯಿಂದ ಎರಡು ವರ್ಷ ಆಫ್ರಿಕಾದ ಮಲಾವಿಯ ಎನ್‌ಚೆಯು ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ರಾಜಧಾನಿ ಲಿಲೊಂಗ್ವೆಯಿಂದ ಬ್ಲಾಂಟೈರ್ ಕಡೆ ಹೋಗುವ ಎಂ1 ಹೆದ್ದಾರಿಯಲ್ಲಿ ಈ ಜಿಲ್ಲೆ ಸಿಗುತ್ತದೆ. ಪಶ್ಚಿಮಕ್ಕೆ ಮೊಜಾಂಬಿಕ್ ಗಡಿ. ಹೆದ್ದಾರಿಯಲ್ಲಿ ಇಳಿದು 'ಮಟೋಲ' ಹತ್ತಬೇಕು. ಮಟೋಲ ಅಂದರೆ ಜನರನ್ನು ತುಂಬಿಕೊಂಡು ಹೋಗುವ ಪಿಕಪ್ ಗಾಡಿ. ಅದು ಬಿಟ್ಟ ಮೇಲೆ 'ಕಬಾಜ', ಅಂದರೆ ಸೈಕಲ್ ಟ್ಯಾಕ್ಸಿ. ಹಿಂದಿನ ಕ್ಯಾರಿಯರ್ ಮೇಲೆ ಒಂದು ಮೆತ್ತೆ, ಅದೇ ಸೀಟು. ಕೊನೆಯ 9 ಕಿಲೋಮೀಟರ್ ಹಾಗೇ ಹೋಗುವುದು.

ಹಳ್ಳಿಯಲ್ಲಿ 62 ಮನೆ. ಇಟ್ಟಿಗೆ ಗೋಡೆ, ಕೆಲವಕ್ಕೆ ತಗಡು, ಮಿಕ್ಕವಕ್ಕೆ ಹುಲ್ಲಿನ ಮಾಡು. ಕರೆಂಟ್ ಇರಲಿಲ್ಲ. ನನ್ನ ಬಳಿ ಒಂದು ಸೋಲಾರ್ ದೀಪ. ಫೋನ್ ಚಾರ್ಜ್ ಮಾಡಲು ಸಂತೆ ಬೀದಿಯ ಅಂಗಡಿಗೆ ಕೊಟ್ಟು ಸಂಜೆ ತರಬೇಕು. ಕಲಿಸುತ್ತಿದ್ದದ್ದು ಅಲ್ಲೇ ಹತ್ತಿರದ ಕಮ್ಯುನಿಟಿ ಡೇ ಸೆಕೆಂಡರಿ ಶಾಲೆಯಲ್ಲಿ.

ಊಟದ ವಿಷಯಕ್ಕೆ ನನಗೆ ಏನೂ ಕಷ್ಟವಾಗಲಿಲ್ಲ. ಅವರ 'ಎನ್ಸಿಮ' ನಮ್ಮ ಮುದ್ದೆಯ ಅಕ್ಕ. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಹುಟ್ಟಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಕುಂಬಳದ ಎಲೆಯ ಪಲ್ಯಕ್ಕೋ ಸಣ್ಣ ಒಣ ಮೀನಿನ ಸಾರಿಗೋ ಅದ್ದಿ ತಿನ್ನುವುದು. ಪಲ್ಯಕ್ಕೆ ಕಡಲೆಕಾಯಿ ಪುಡಿ ಹಾಕಿದರಂತೂ ನಮ್ಮ ಕಡೆಯ ಊಟವೇ. ಮೊದಲನೇ ದಿನ ನಾನು ತಿರುವಿದ್ದು ನೋಡಿ ಪಕ್ಕದ ಮನೆ ಅಜ್ಜಿ, "ಇವಳಿಗೆ ಯಾರು ಕಲಿಸಿದರು?" ಅಂತ ಕೇಳಿದರು. ಅಜ್ಜಿಗೆ ಅಲ್ಲಿ 'ಅಗೊಗೊ' ಅನ್ನುತ್ತಾರೆ. ಆವತ್ತಿನಿಂದ ಅವರು ನನಗೂ ಅಗೊಗೊ.

ಬೇರೆ ಒಂದು ವಿಷಯ ಕಷ್ಟವಾಯಿತು. ಬಿಳಿಯರಿಗೆ 'ಮ್ಜುಂಗು' ಅನ್ನುವ ಹಾಗೆ ಭಾರತದವರಿಗೆ ಚಿಚೆವಾ ಭಾಷೆಯಲ್ಲಿ 'ಮ್ವೆನ್ಯೆ' ಅನ್ನುತ್ತಾರೆ. ಆ ಪದ ಕಿವಿಗೆ ಬಿದ್ದರೆ ಜನರ ಕಣ್ಣ ಮುಂದೆ ಬರುವುದು ಅಂಗಡಿ ಗಲ್ಲಾಪೆಟ್ಟಿಗೆ. ಹಿಂದೆ ಗುಜರಾತಿ ವ್ಯಾಪಾರಿಗಳು ಹಳ್ಳಿ ಸಂತೆಗಳಲ್ಲೂ ಇದ್ದರು. 1970ರ ದಶಕದಲ್ಲಿ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಸರ್ಕಾರ ಏಷ್ಯಾ ಮೂಲದ ವ್ಯಾಪಾರಿಗಳನ್ನು ಹಳ್ಳಿ ಕಡೆಯಿಂದ ಎಬ್ಬಿಸಿ ದೊಡ್ಡ ನಗರಗಳಿಗೆ ಸೀಮಿತ ಮಾಡಿತು. ಹಾಗಾಗಿ ಹಳ್ಳಿಯ ಎಳೆಯರು ಭಾರತದವರನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಪಟ್ಟಣದ ಅಂಗಡಿಯ ಮಾಲೀಕರಾಗಿ ಮಾತ್ರ ನೋಡಿದ್ದರು. ನಾನು ಅಂಗಡಿಯವಳಲ್ಲ, ನಮ್ಮಪ್ಪನೂ ಮಳೆ ನಂಬಿ ಮೆಕ್ಕೆಜೋಳ ಹಾಕುವ ರೈತ ಅಂತ ಹೇಳಿದರೆ ನಂಬುತ್ತಿರಲಿಲ್ಲ. ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಕೈಯಲ್ಲಿ ದುಡ್ಡು ಹಿಡಿದಾಗ ಊರು ನನ್ನನ್ನು ಹೇಗೆ ನೋಡಿತು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ.

ದಿನ ಶುರುವಾಗುತ್ತಿದ್ದದ್ದು ಬೆಳಗ್ಗೆ 5ಕ್ಕೆ, ಪಂಪಿನ ಪಾಳಿಯಲ್ಲಿ. ಪಂಪಿಗೆ ಅಲ್ಲಿ 'ಮ್ಜಿಗೊ' ಅಂತಾರೆ. ಹೆಂಗಸರು ಬಟ್ಟೆ ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟು, 20 ಲೀಟರಿನ ಬಕೆಟ್ ಹೊತ್ತು, ಕೈ ಬಿಟ್ಟು ನಡೆಯುತ್ತಿದ್ದರು. ಸಿಂಬಿಗೆ ಅವರ ಪದ 'ನ್ಖಾತ'. ನಮ್ಮಜ್ಜಿ ಕಾಲದ ಸಿಂಬಿಯನ್ನು ಅಷ್ಟು ದೂರದಲ್ಲಿ ನೋಡಿ ನನಗೆ ಗಂಟಲು ಕಟ್ಟಿತ್ತು. ನನಗೆ ಹೊರಲು ಬರುತ್ತಿರಲಿಲ್ಲ, ಎರಡು ಸಣ್ಣ ಬಕೆಟ್ ಕೈಯಲ್ಲೇ ಹಿಡಿದು ತರುತ್ತಿದ್ದೆ. ಪಾಳಿಯಲ್ಲಿ ಯಾರೂ ಸುಮ್ನೆ ನಿಲ್ಲುವುದಿಲ್ಲ. ರಾತ್ರಿ ಹೇಗೆ ಕಳೆಯಿತು, ಮಕ್ಕಳು ಹೇಗಿದ್ದಾರೆ, ಯಾರ ಮನೆಯಲ್ಲಿ ಜ್ವರ, ಎಲ್ಲ ಕೇಳಬೇಕು. ಕೇಳದೆ ನೀರು ತುಂಬಿಕೊಂಡು ಹೋದರೆ ಅದು ಅವಮಾನ. ನನ್ನ ಚಿಚೆವಾ ಅರ್ಧ ಅಲ್ಲೇ ಕಲಿತದ್ದು. ಉಳಿದ ಅರ್ಧ ಜಗುಲಿಯಲ್ಲಿ ಕೂತು ಕಲಿಯಬೇಕಿತ್ತು. ಕೂರಲಿಲ್ಲ. ಶಾಲೆ ಮುಗಿದ ಮೇಲೆ ಮನೆಗೆ ಬಂದು ಮರುದಿನದ ಪಾಠ ಬರೆಯುತ್ತಿದ್ದೆ.

ಪಂಪು ನಿಂತ ನಾಲ್ಕು ದಿನ

ಆ ವರ್ಷ ಸಾಧಾರಣ ವರ್ಷವಲ್ಲ. ಎಲ್ ನಿನೊ ಹೊಡೆತಕ್ಕೆ ಮಳೆ ಕೈಕೊಟ್ಟು ಬೆಳೆ ಹೋಗಿತ್ತು. 2016ರ ಏಪ್ರಿಲ್‌ನಲ್ಲಿ ಅಧ್ಯಕ್ಷರು ರಾಷ್ಟ್ರೀಯ ವಿಪತ್ತು ಅಂತ ಘೋಷಣೆ ಮಾಡಿದ್ದರು. ಅಲ್ಲಿ ಮಳೆಗಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಕೊಯ್ಲು ಏಪ್ರಿಲ್, ಮೇ ತಿಂಗಳಲ್ಲಿ. ಸಾಮಾನ್ಯವಾಗಿ ಕಾಳು ಖಾಲಿಯಾಗುವುದು ಜನವರಿ ಹೊತ್ತಿಗೆ. ಆ ವರ್ಷ ಅಕ್ಟೋಬರಿಗೇ ಕಣಜ ಬರಿದಾಗಿತ್ತು. ಅಕ್ಟೋಬರ್ ಅಲ್ಲಿ ವರ್ಷದಲ್ಲೇ ಸುಡು ಬಿಸಿಲಿನ ತಿಂಗಳು ಬೇರೆ.

ಪಂಪು ನಿಂತ ಮೇಲೆ ಉಳಿದದ್ದು ಎರಡೇ ದಾರಿ. ಒಂದು, ಪಕ್ಕದ ಹಳ್ಳಿಯ ಪಂಪು. ಅಲ್ಲಿಯವರು ಎರಡನೇ ದಿನಕ್ಕೇ ಗೊಣಗಿದರು. ಇನ್ನೊಂದು, ಕೆಳಗಿನ ತಗ್ಗು ಜವುಗಿನಲ್ಲಿ ಕೈಯಲ್ಲಿ ತೋಡಿದ ಗುಂಡಿ. ಆ ತಗ್ಗಿಗೆ 'ದಾಂಬೊ' ಅನ್ನುತ್ತಾರೆ. ನೀರು ಒಸರಿ ತುಂಬಲು ಹೊತ್ತು ಬೇಕು, ಹಾಗಾಗಿ ಹೆಂಗಸರು ರಾತ್ರಿ 3ಕ್ಕೆ ಎದ್ದು ಹೋಗುತ್ತಿದ್ದರು. ಜೊತೆಗೆ ಹೆಣ್ಣುಮಕ್ಕಳು. ಶುಕ್ರವಾರ ನನ್ನ ಫಾರ್ಮ್ 2 ತರಗತಿಯಲ್ಲಿ 19 ಹುಡುಗಿಯರ ಪೈಕಿ ಬಂದವರು 6 ಜನ. ಬಂದವರಲ್ಲಿ ಇಬ್ಬರು ಡೆಸ್ಕ್ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ಮುಖ್ಯೋಪಾಧ್ಯಾಯರನ್ನು ಕೇಳಿದೆ. "ಕಮಿಟಿ ನೋಡುತ್ತಿದೆ, ಮ್ಯಾಡಮ್" ಅಂದರು. ನಮ್ಮಲ್ಲಿ 'ನೋಡೋಣ' ಅಂದರೆ ಏನರ್ಥ ಅಂತ ನಮಗೆಲ್ಲ ಗೊತ್ತು, ಅಲ್ವಾ? ನಾನು ಅದೇ ಅರ್ಥ ಮಾಡಿಕೊಂಡೆ. ಮಾವಿನ ಮರದ ಕೆಳಗೆ ಆರೇಳು ಹೆಂಗಸರು ಕೂತು ಮಾತಾಡುತ್ತಿದ್ದದ್ದು ಕಂಡಿತ್ತು. ಪಂಪು ನೋಡಿಕೊಳ್ಳುವ ಊರಿನ ಕಮಿಟಿ ಅದೇ ಅಂತ ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ಯಾರಿಗೂ ಹೇಳದೆ ಹೊರಟೆ. ಜಿಲ್ಲಾ ಕೇಂದ್ರಕ್ಕೆ ಹೋಗಿ ಸೀಲು, ಬುಷ್, ಬಾಬಿನ್ ಅಂತ ಪಂಪಿನ ಬಿಡಿಭಾಗ ಕೊಂಡು, ಅಲ್ಲೇ ಒಬ್ಬ ಮೆಕ್ಯಾನಿಕ್‌ನನ್ನು ಹಿಡಿದು, ಕಬಾಜದಲ್ಲಿ ಕೂರಿಸಿಕೊಂಡು ಬಂದೆ. ಎಲ್ಲ ಸೇರಿ ಸುಮಾರು 15,000 ಕ್ವಾಚಾ. ಆಗಿನ ಲೆಕ್ಕದಲ್ಲಿ 1,400 ರೂಪಾಯಿ. ನನ್ನ ತಿಂಗಳ ಭತ್ಯೆಯಲ್ಲಿ ಅದು ದೊಡ್ಡ ಮೊತ್ತವೇನಲ್ಲ.

ಸಂಜೆ ನೀರು ಬಂತು. ಹೆಂಗಸರು ನಾಲಗೆ ಹೊರಳಿಸಿ ಖುಷಿಯ ಕೂಗು ಹಾಕಿದರು. ಊರ ಮುಖ್ಯಸ್ಥರು ಬಂದು ಒಂದು ಗಾದೆ ಹೇಳಿದರು. ಹರಿತವಾದ ಕತ್ತಿ ತರುವವನು ಊರಿಗೆ ಬಂದ ನೆಂಟನೇ ಅಂತ ಅದರ ಅರ್ಥ. ಕಗ್ಗಂಟು ಬಿಡಿಸಲು ಹೊರಗಿನವರು ಬೇಕಾಗುತ್ತದೆ ಅನ್ನುವ ಹೊಗಳಿಕೆ ಅದು. ನಾನು ಹಿಗ್ಗಿದೆ. ಕತ್ತಿ ಯಾರಿಗೆ ತಾಗಿತು ಅಂತ ಆಗ ನೋಡಲಿಲ್ಲ.

ಗುಂಪಿನಲ್ಲಿ ಕಮಿಟಿಯ ಅಧ್ಯಕ್ಷೆಯೂ ಇದ್ದರು. ಐವತ್ತರ ಆಸುಪಾಸಿನ ಹೆಂಗಸು. ಅಲ್ಲಿ ಹಿರಿಯ ಹೆಂಗಸರಿಗೆ 'ಅಮಾಯಿ' ಅನ್ನುವುದು ರೂಢಿ, ನಾನೂ ಹಾಗೇ ಕರೆಯುತ್ತೇನೆ. ಅಮಾಯಿ ಆ ಸಂಜೆ ಕೂಗು ಹಾಕಲಿಲ್ಲ. ಒಂದು ಬಕೆಟ್ ತುಂಬಿಸಿಕೊಂಡು ಹೊರಟುಹೋದರು.

ನನಗೆ ಕಾಣದೆ ನಡೆದದ್ದು

ಮುಂದಿನ ವಾರಗಳಲ್ಲಿ ಕೆಲವು ಸಣ್ಣ ಬದಲಾವಣೆ ಕಂಡವು. ಪಂಪಿನ ಸುತ್ತಲಿನ ಬೇಲಿ ಮುರಿದಿತ್ತು, ಆಡುಗಳು ಕಟ್ಟೆ ಮೇಲೆ ಬಂದು ನಿಲ್ಲುತ್ತಿದ್ದವು. ಯಾರೂ ಕಟ್ಟಲಿಲ್ಲ. ಡಿಸೆಂಬರಿನಲ್ಲಿ ಪಂಪಿನ ತಲೆಯ ಬೋಲ್ಟು ಸಡಿಲಾಯಿತು. ಅದನ್ನು ಹೇಳಲು ಒಬ್ಬ ಹುಡುಗ ಓಡಿ ಬಂದದ್ದು ನನ್ನ ಮನೆಗೆ. ಸ್ಪ್ಯಾನರ್ ಇದ್ದದ್ದು ಅಮಾಯಿ ಮನೆಯಲ್ಲಿ, ಪಂಪಿನಿಂದ ಮೂರನೇ ಮನೆ. ನನ್ನ ಮನೆ ಊರಿನ ಆ ತುದಿ. "ಅಲ್ಲಿ ಯಾಕೆ ಹೋಗಲಿಲ್ಲ?" ಅಂದೆ. "ಇದು ಮ್ಯಾಡಮ್ ಮ್ಜಿಗೊ ಅಲ್ವಾ" ಅಂದ.

ಜನವರಿಯ ಒಂದು ಭಾನುವಾರ ಮಳೆ ಹಿಡಿದಿತ್ತು. ಅಗೊಗೊ ಮನೆ ಜಗುಲಿಯಲ್ಲಿ ಬಿತ್ತನೆಗೆ ಮಿಕ್ಕ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆವು. ಜಗುಲಿಗೆ 'ಖೊಂಡೆ' ಅನ್ನುತ್ತಾರೆ. ಅಗೊಗೊ ತಲೆ ಎತ್ತದೆ ಹೇಳಿದರು: "ನಿನ್ನ ದುಡ್ಡು ಬಂದ ದಿನ ಆ ಅಮಾಯಿಯ ಹೆಸರು ಹೋಯಿತು." ಆಮೇಲೆ ಒಂದೊಂದಾಗಿ ಬಿಡಿಸಿದರು. ಅರ್ಥವಾಗದ ಮಾತನ್ನು ಎರಡೆರಡು ಸಲ ಕೇಳಿದೆ.

ನಡೆದದ್ದು ಇಷ್ಟು. ಪಂಪು ನಿಂತ ದಿನವೇ ಕಮಿಟಿ ಕೂತಿತ್ತು. ಎಂದಿನಂತೆ ಕೊಯ್ಲಿನಲ್ಲಿ ಕಾಳು ಎತ್ತಿ ನಿಧಿ ಕೂಡಿಸಲು ಆ ವರ್ಷ ಆಗಿರಲಿಲ್ಲ, ಪೆಟ್ಟಿಗೆ ಖಾಲಿ. ಅದಕ್ಕೆ ಮನೆಗೆ 200 ಕ್ವಾಚಾ ಎತ್ತುವುದು, ಸಾಲದ್ದನ್ನು 'ಬಂಕಿ ಮ್ಖೊಂಡೆ'ಯಿಂದ ಸಾಲ ಪಡೆಯುವುದು ಅಂತ ತೀರ್ಮಾನವಾಯಿತು. ಬಂಕಿ ಮ್ಖೊಂಡೆ ಅಂದರೆ ಜಗುಲಿ ಬ್ಯಾಂಕು. ನಮ್ಮ ಸ್ತ್ರೀಶಕ್ತಿ ಸಂಘದ ಹಾಗೆ, ಹೆಂಗಸರ ಉಳಿತಾಯದ ಗುಂಪು. ತಗಡಿನ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ, ಮೂವರ ಕೈಯಲ್ಲಿ. ಒಂದು ಕೀಲಿ ಅಮಾಯಿ ಬಳಿ ಇತ್ತು.

ಗುರುವಾರ, ಶುಕ್ರವಾರ ಅಮಾಯಿ ಮನೆ ಮನೆ ಸುತ್ತಿದರು. ಹಸಿದ ಮನೆಗಳಿಂದ ದುಡ್ಡು ಎತ್ತುವುದು ಎಷ್ಟು ಕಷ್ಟ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. 31 ಮನೆಯವರು ಕೊಟ್ಟರು. 6,200 ಕ್ವಾಚಾ ಆಯಿತು. ಅದರಲ್ಲಿ 4,000 ಕ್ವಾಚಾವನ್ನು ಶುಕ್ರವಾರ ಸಂಜೆ ಆ ಭಾಗದ ಪಂಪು ಮೆಕ್ಯಾನಿಕ್ ಕೈಗೆ ಕೊಟ್ಟು, ಸೀಲು ತರಲು ಹೇಳಿದರು. ಅವನು ಭಾನುವಾರ ಸೀಲು ಹಿಡಿದು ಬಂದ. ಅಷ್ಟರಲ್ಲಿ ಪಂಪು ಓಡುತ್ತಿತ್ತು.

ಸೋಮವಾರ ಜನ ಅಮಾಯಿ ಮನೆ ಮುಂದೆ ಬಂದರು. ಮ್ಯಾಡಮ್ ಎಲ್ಲ ಕೊಟ್ಟರಲ್ಲ, ನಮ್ಮ 200 ವಾಪಸ್ ಕೊಡು ಅಂದರು. ಅವರ ಕೈಯಲ್ಲಿ ಇದ್ದದ್ದು 2,200 ಕ್ವಾಚಾ ಮತ್ತು ಒಂದು ರಬ್ಬರ್ ಸೀಲು. ಉಳಿದದ್ದಕ್ಕೆ ಮೂರು ಕೋಳಿ ಮಾರಿದರು. ಬರಗಾಲದಲ್ಲಿ ಕೋಳಿ ಕೊಳ್ಳುವವರೂ ಕಡಿಮೆ, ಹಾಗಾಗಿ ಎಲ್ಲರಿಗೂ ಕೊಟ್ಟು ತೀರಿಸಲು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಮಾತು ಹಬ್ಬಿತು. ದುಡ್ಡು ತಿಂದಳು ಅಂತ. ಚಿಚೆವಾದಲ್ಲೂ ದುಡ್ಡನ್ನು 'ತಿನ್ನುವುದು' ಅಂತಲೇ ಹೇಳುತ್ತಾರೆ. ಆ ಮಾತು ನನಗೆ ಎರಡನೇ ಸಲ ಕೇಳುವ ಅಗತ್ಯ ಬೀಳಲಿಲ್ಲ. ಜಗುಲಿ ಬ್ಯಾಂಕಿನವರು ಅಮಾಯಿ ಕೈಯಿಂದ ಕೀಲಿ ತೆಗೆದುಕೊಂಡರು. ಅಮಾಯಿ ಕಮಿಟಿ ಬಿಟ್ಟರು. ಬೇಲಿ ಕಟ್ಟುತ್ತಿದ್ದದ್ದು, ವಾರಕ್ಕೊಮ್ಮೆ ಬೋಲ್ಟು ಬಿಗಿ ಮಾಡುತ್ತಿದ್ದದ್ದು ಅವರೇ.

ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಲಕೋಟೆಯಲ್ಲಿ ದುಡ್ಡಿಟ್ಟುಕೊಂಡು ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು "ಓಡಿ" ಅಂದೆ, ಒಳಗೆ ಬರಲಾ ಅಂತ ಕೇಳುವ ಪದ್ಧತಿ ಅದು. ಚಾಪೆ ಹಾಸಿದರು. ಲಕೋಟೆಯನ್ನು ಮುಟ್ಟಲಿಲ್ಲ. "ಇದನ್ನು ತೆಗೆದುಕೊಂಡರೆ ನಾನು ತಿಂದದ್ದು ನಿಜ ಅಂತಾರೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನು ಒಂದು ಮಾತು ಕೇಳಬಹುದಿತ್ತು, ಮ್ಯಾಡಮ್" ಅಂದರು. ಅಷ್ಟೇ. ಬೈಯಲಿಲ್ಲ.

ನಾನು ಯಾಕೆ ಕೇಳಲಿಲ್ಲ?

ಇದನ್ನು ನಾನು ತುಂಬಾ ಯೋಚಿಸಿದ್ದೇನೆ. ಅವಸರ, ಹುಡುಗಿಯರ ಮೇಲಿನ ಕಾಳಜಿ, ಭಾಷೆ ಅರೆಬರೆ ಇದ್ದದ್ದು, ಎಲ್ಲವೂ ಹೌದು. ಆದರೆ ಬೇರು ಜಗಳೂರಿನಲ್ಲಿದೆ ಅಂತ ನನಗೆ ಅನಿಸುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿದ್ದದ್ದು ಇಂಡಿಯಾ ಮಾರ್ಕ್ 2 ಪಂಪು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡು ದೇಶದ ತುಂಬ ಹಬ್ಬಿದ ಗಟ್ಟಿ ಪಂಪು ಅದು. ಎಲ್ಲರೂ ಬೋರಿಂಗ್ ಅಂತಲೇ ಕರೆಯುವುದು. ಅದರ ಸಿಲಿಂಡರ್ ಕೊಳವೆಗಿಂತ ದಪ್ಪ. ಒಳಗಿನ ವಾಷರ್ ಬದಲಿಸಬೇಕಾದರೆ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಲೇಬೇಕು. ಅದು ಊರಿನವರ ಕೈಯಲ್ಲಿ ಆಗುವ ಕೆಲಸವಲ್ಲ. ಕೆಟ್ಟರೆ ಅರ್ಜಿ ಬರೆದು ಕಾಯಬೇಕು. ಒಂದು ದಿನ ತಾಲ್ಲೂಕಿನಿಂದ ಜೀಪು ಬರುತ್ತದೆ. ಮೂರು ಕಾಲಿನ ಕಂಬ ನಿಲ್ಲಿಸಿ, ಸರಪಳಿ ಕಟ್ಟಿ, ನಾಲ್ಕೈದು ಜನ ಎಳೆಯುತ್ತಾರೆ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಪಂಪು ರಿಪೇರಿ ಅಂದರೆ ಹೊರಗಿನಿಂದ ಯಾರೋ ಬಂದು ಮಾಡುವುದು ಅನ್ನುವುದು ನನ್ನ ತಲೆಯಲ್ಲಿ ಆಗಲೇ ಕೂತಿತ್ತು. ಮಲಾವಿಯಲ್ಲಿ ಆ ಹೊರಗಿನವಳು ನಾನಾದೆ.

ಅಲ್ಲಿದ್ದ ಪಂಪು ಬೇರೆ. ಹೆಸರು ಆಫ್ರಿಡೆವ್. 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ಮಾಡಿ ತಯಾರಿಸಿದ್ದು. ಮಲಾವಿಯಲ್ಲಿ ಆ ಕೆಲಸ ನಡೆದದ್ದು ಇದೇ ಎನ್‌ಚೆಯು ಜಿಲ್ಲೆಯ ಲಿವುಲೆಜಿ ಅನ್ನುವ ಕಡೆ. ಊರಿನವರೇ ರಿಪೇರಿ ಮಾಡಿಕೊಳ್ಳಬೇಕು ಅನ್ನುವುದೇ ಅದರ ಹಿಂದಿನ ಯೋಚನೆ. ಒಂದೇ ಸ್ಪ್ಯಾನರ್ ಸಾಕು. ಪೈಪು ಪ್ಲಾಸ್ಟಿಕ್ಕಿನದು, ಅದನ್ನು ಮೇಲೆತ್ತಬೇಕಾಗಿಲ್ಲ. ಪಿಸ್ಟನ್ನು, ಕೆಳಗಿನ ವಾಲ್ವು ಎರಡೂ ಪೈಪಿನ ಒಳಗಿಂದಲೇ ಮೇಲೆ ಬರುತ್ತವೆ. ಸರಳುಗಳನ್ನು ಕೊಕ್ಕೆಯಲ್ಲಿ ಸಿಕ್ಕಿಸಿರುತ್ತಾರೆ, ಕೈಯಲ್ಲೇ ಬಿಚ್ಚಬಹುದು. ಅಂದರೆ ಪಂಪನ್ನು ಮಾಡಿದವರೇ ಅಮಾಯಿಯಂಥವರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು. ವಿಜ್ಞಾನದ ಟೀಚರ್ ಆಗಿ ನಾನು ದಿನಾ ಅದರ ಹಿಡಿ ಹೊಡೆಯುತ್ತಿದ್ದೆ. ಒಳಗೇನಿದೆ ಅಂತ ಹತ್ತು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಹಾಗಾದರೆ ಹುಡುಗಿಯರು ರಾತ್ರಿ 3ಕ್ಕೆ ಏಳುತ್ತಿರಲಿ ಅಂತ ಸುಮ್ಮನಿರಬೇಕಿತ್ತಾ? ಇಲ್ಲ. ನಾಲ್ಕು ದಿನ ನೀರಿಲ್ಲದೆ ಇರುವುದು ಸಣ್ಣ ವಿಷಯವಲ್ಲ. ಜವುಗಿನ ನೀರು ಕುಡಿದು ಕಾಲರಾ ಬಂದಿದ್ದರೆ ಕತೆಯೇ ಬೇರೆ. ನಾನು ಕೊಟ್ಟದ್ದೇ ತಪ್ಪು ಅಂತ ಇವತ್ತಿಗೂ ಹೇಳಲಾರೆ. ಅದೇ ದುಡ್ಡನ್ನು ಶುಕ್ರವಾರ ಮಾವಿನ ಮರದ ಕೆಳಗೆ ಹೋಗಿ, "ಎಷ್ಟು ಕಡಿಮೆ ಬಿದ್ದಿದೆ?" ಅಂತ ಕೇಳಿ, ಕಮಿಟಿಗೆ ಸಾಲವಾಗಿ ಕೊಡಬಹುದಿತ್ತು. ಪಂಪು ಸೋಮವಾರ ಓಡುತ್ತಿತ್ತು. ಎರಡು ದಿನ ತಡ. ಆ ಎರಡು ದಿನ ಉಳಿಸಿದ್ದಕ್ಕೆ ಅಮಾಯಿ ಕೊಟ್ಟ ಬೆಲೆ ತುಂಬಾ ಜಾಸ್ತಿ.

ಬ್ವಾಲೊದಲ್ಲಿ

ಊರಿನ ನ್ಯಾಯ ಪಂಚಾಯಿತಿ ನಡೆಯುವ ಬಯಲಿಗೆ 'ಬ್ವಾಲೊ' ಅನ್ನುತ್ತಾರೆ. ಫೆಬ್ರವರಿಯಲ್ಲಿ ಮುಖ್ಯಸ್ಥರ ಅನುಮತಿ ಕೇಳಿ ಅಲ್ಲಿ ಮಾತಾಡಿದೆ. ಅದಕ್ಕೂ ಮುಂಚೆ ಅಮಾಯಿಯ ಒಪ್ಪಿಗೆ ಕೇಳಿದೆ. ಈ ಸಲ ಕೇಳಿದೆ. ಅವರು ಮೂರು ದಿನ ಯೋಚಿಸಿ ಹೂಂ ಅಂದರು.

ಅಗೊಗೊ ಕೂರಿಸಿಕೊಂಡು ಮಾತು ಕಲಿಸಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನೆಲದ ಮೇಲೆ ಕೂತಿದ್ದರು. ಕಮಿಟಿ ಕೆಲಸ ಶುರು ಮಾಡಿದ್ದು ನನಗೆ ಗೊತ್ತಿರಲಿಲ್ಲ, ಕೇಳದೆ ನಡುವೆ ನುಗ್ಗಿದೆ, ತಪ್ಪು ನನ್ನದು ಅಂದೆ. ಆ ಮೆಕ್ಯಾನಿಕ್‌ನನ್ನೂ ಕರೆಸಿದ್ದರು. 4,000 ಕ್ವಾಚಾ ತೆಗೆದುಕೊಂಡದ್ದು, ಸೀಲು ತಂದು ಕೊಟ್ಟದ್ದು, ಉಳಿದದ್ದು ತನ್ನ ಓಡಾಟಕ್ಕೆ ಆದದ್ದು, ಎಲ್ಲ ಹೇಳಿದ. ಆಗ ಅಮಾಯಿ ಎದ್ದು ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಗಂಟು ತಂದರು. ಬಿಚ್ಚಿದರೆ ಕಪ್ಪು ರಬ್ಬರ್ ಸೀಲು, ಹೊಸದು. ಮುಖ್ಯಸ್ಥರು ಅದನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ಅಮಾಯಿ ಮುಂದೆ ಮಂಡಿಯೂರಿ ಕೈ ತಟ್ಟಿದಳು. ಅಲ್ಲಿ ಗೌರವ ತೋರಿಸುವ ರೀತಿ ಅದು.

ಕೀಲಿ ವಾಪಸ್ ಬರಲು ಇನ್ನೂ ಎರಡು ತಿಂಗಳು ಬೇಕಾಯಿತು. ಹೆಸರು ಹೋದಷ್ಟು ಬೇಗ ಬರುವುದಿಲ್ಲ. ನಾನು ಆ ಮಧ್ಯೆ ಜಗುಲಿ ಬ್ಯಾಂಕಿಗೆ ಸೇರಿದೆ, ಎಲ್ಲರ ಹಾಗೆ ವಾರಕ್ಕೆ 200 ಕ್ವಾಚಾ ಷೇರು ಕಟ್ಟಿಕೊಂಡು. ಬುಧವಾರ ಸಂಜೆ ಪಾಠ ಬರೆಯುವುದು ಬಿಟ್ಟು ಅಲ್ಲಿ ಕೂರುತ್ತಿದ್ದೆ.

ಎರಡನೇ ಸಲ

2017ರ ಬೆಳೆ ಚೆನ್ನಾಗಿ ಬಂತು. ಮೇ ತಿಂಗಳಲ್ಲಿ ಕಮಿಟಿ ಮತ್ತೆ ಕೂಡಿತು, ಅಮಾಯಿ ಅಧ್ಯಕ್ಷೆ. ಮನೆಗೆ ಒಂದು ಬೇಸಿನ್ ಕಾಳು ಅಂತ ತೀರ್ಮಾನ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತ ನಮ್ಮಲ್ಲಿ ಹೇಳುತ್ತೇವೆ. ಆ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲೇ. 57 ಮನೆಯವರು ಬೇಸಿನ್ ಹೊತ್ತು ತಂದು ಅಮಾಯಿ ಅಂಗಳದಲ್ಲಿ ಸುರಿದರು. ಖಜಾಂಚಿ ಹುಡುಗಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ.

ಆದರೆ ಬೆಳೆ ಹೆಚ್ಚಾಗಿ ಬೆಲೆ ಬಿದ್ದಿತ್ತು. ಹಿಂದಿನ ವರ್ಷದ ಅರ್ಧದಷ್ಟೂ ಇಲ್ಲ. ಈಗಲೇ ಮಾರೋಣ ಅಂತ ಕೆಲವರು. ಕಾಯೋಣ, ಡಿಸೆಂಬರಿಗೆ ಏರುತ್ತದೆ ಅಂತ ಕೆಲವರು. ಕಾಯುವುದು ಲಾಭ ಅಂತ ನನಗೂ ಗೊತ್ತಿತ್ತು. ನಮ್ಮ ದಾವಣಗೆರೆ ಕಡೆ ಕೊಯ್ಲಿನ ತಿಂಗಳಲ್ಲಿ ಮೆಕ್ಕೆಜೋಳ ಮಾರಿ ಕೈ ಸುಟ್ಟುಕೊಂಡವರನ್ನು ನೋಡಿಯೇ ಬೆಳೆದವಳು. ಬಾಯಿ ಬಿಡಲಿಲ್ಲ. ಮೂರು ಸಂಜೆ ವಾದ ನಡೆದು, ಅರ್ಧ ಮಾರುವುದು, ಅರ್ಧಕ್ಕೆ ಹುಳದ ಪುಡಿ ಹಾಕಿ ಇಡುವುದು ಅಂತ ಆಯಿತು. ನಾನು ಒಂದೇ ದಿನದಲ್ಲಿ ಹೇಳಬಹುದಾಗಿದ್ದಕ್ಕಿಂತ ಅದೇ ಒಳ್ಳೆಯ ತೀರ್ಮಾನ. ಹುಳ ಬಿದ್ದರೂ ಅರ್ಧ ದುಡ್ಡು ಪೆಟ್ಟಿಗೆಯಲ್ಲಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ಪಂಪು ಮತ್ತೆ ಸೊರಗಿತು. ಹಿಡಿ ಹೊಡೆದಷ್ಟೂ ಸಣ್ಣ ಧಾರೆ. ಸೀಲು ಸವೆದಿದೆ ಅಂತ ಅಮಾಯಿ ಶಬ್ದ ಕೇಳಿಯೇ ಹೇಳಿದರು. ನಾನು ತಂದು ಹಾಕಿಸಿದ ಸೀಲು 11 ತಿಂಗಳು ಬಾಳಿತ್ತು. ಮರುದಿನ ಬಿಚ್ಚುವುದು ಅಂತ ಮಾತಾಯಿತು. ಅಂದು ರಾತ್ರಿ ಊರಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಸಾವಾದರೆ ಮಣ್ಣಾಗುವವರೆಗೆ ಯಾರೂ ಕೆಲಸ ಮುಟ್ಟುವುದಿಲ್ಲ. ದೂರದ ಮಕ್ಕಳು ಬರಬೇಕಿತ್ತು. ಅಂತೂ ಐದು ದಿನ. ಆ ಐದು ದಿನ ನಾನೂ ರಾತ್ರಿ ಎದ್ದು ಹೆಂಗಸರ ಜೊತೆ ದಾಂಬೊಗೆ ಹೋದೆ. ಕೈಯಲ್ಲಿ ದುಡ್ಡಿತ್ತು. ಆರನೇ ಬೆಳಗ್ಗೆ ಪಂಪಿನ ಹತ್ತಿರ ಬರಲು ನನ್ನನ್ನೂ ಕರೆದರು.

ಅಮಾಯಿ ಚಿಟೆಂಜೆಯನ್ನು, ಅಂದರೆ ಹೆಂಗಸರು ಸುತ್ತಿಕೊಳ್ಳುವ ಬಟ್ಟೆಯನ್ನು, ಸೊಂಟಕ್ಕೆ ಬಿಗಿದು ಕಟ್ಟಿದರು. ತಲೆಯ ಮುಚ್ಚಳ ತೆಗೆದು, ಹಿಡಿ ಕಳಚಿ, ಸರಳು ಎಳೆದರು. ಒಂದು ಸರಳು ಮೇಲೆ ಬಂದ ಕೂಡಲೇ ಕೊಕ್ಕೆ ಬಿಡಿಸಿ ನನ್ನ ಕೈಗೆ. ನಾನು ಅದನ್ನು ಮಣ್ಣು ತಾಗದ ಹಾಗೆ ಚಾಪೆ ಮೇಲೆ ಮಲಗಿಸಬೇಕು. ಹತ್ತು ಸರಳು ಬಂದವು. ಕೊನೆಯಲ್ಲಿ ಪಿಸ್ಟನ್. ಅದರ ಸುತ್ತಲಿನ ರಬ್ಬರ್ ಅಂಚು ಹರಿದು ನೂಲಾಗಿತ್ತು. ಅಮಾಯಿ ಅದನ್ನು ಸುಲಿದು ತೆಗೆದರು. ಆ ಪ್ಲಾಸ್ಟಿಕ್ ಗಂಟು ಬಿಚ್ಚಿ, ಹೋದ ವರ್ಷದ ಸೀಲನ್ನು ತೊಳೆದು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದರು. ಖಜಾಂಚಿ ಹುಡುಗಿಗೆ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಿದ್ದರು, ಅವಳು ಕಲಿಯಲಿ ಅಂತ. ಎಲ್ಲ ಮುಗಿಯಲು ಎರಡು ಗಂಟೆಯೂ ಆಗಲಿಲ್ಲ. ಮೊದಲ ಬಕೆಟ್ಟಿನ ನೀರು ಕಂದು ಬಣ್ಣ, ಚೆಲ್ಲಿದರು. ಎರಡನೆಯದು ಸಾವಾದ ಮನೆಗೆ ಹೋಯಿತು.

ಅವತ್ತಿನ ಖರ್ಚು ಸೊನ್ನೆ. ಮುಂದಿನ ಸಲಕ್ಕೆ ಇರಲಿ ಅಂತ ನಿಧಿಯಿಂದ ಇನ್ನೊಂದು ಸೀಲು ತರಿಸಿದರು. ಅದು ಅದೇ ಗಂಟಿಗೆ ಹೋಯಿತು.

ಈಗ ಹೊರಡುವವರು ಬಂದು ಕೇಳಿದರೆ ನಾನು ಊಟ, ಕರೆಂಟಿನ ಮಾತು ಮುಗಿಸಿ, ಇಷ್ಟು ಹೇಳುತ್ತೇನೆ. ಊರಿಗೆ ಹೋದ ಮೊದಲ ತಿಂಗಳಲ್ಲೇ ಸ್ಪ್ಯಾನರ್ ಯಾರ ಮನೆಯಲ್ಲಿದೆ ಕೇಳಿ. ದುಡ್ಡಿನ ಪೆಟ್ಟಿಗೆಯ ಕೀಲಿ ಯಾರ ಬಳಿ ಇದೆ, ಯಾವ ತಿಂಗಳಲ್ಲಿ ಮನೆಗಳಲ್ಲಿ ಕಾಳಿರುತ್ತದೆ, ಯಾವಾಗ ಇರುವುದಿಲ್ಲ ಅಂತ ಕೇಳಿ. ಜಗುಲಿಯಲ್ಲಿ ಕೂತು ಕಡಲೆಕಾಯಿ ಸುಲಿಯಿರಿ. ಅದು ಹೊತ್ತು ಹೋಗದೆ ಮಾಡುವ ಕೆಲಸ ಅಂತ ನಾನು ತಿಳಿದಿದ್ದೆ. ಊರಿನ ಸುದ್ದಿಯೆಲ್ಲ ಅಲ್ಲೇ ಇತ್ತು.

2018ರ ಜನವರಿಯಲ್ಲಿ ನಾನು ವಾಪಸ್ ಬಂದೆ. ಅಗೊಗೊ ಒಂದು ನ್ಖಾತ ಸುತ್ತಿ ಕೊಟ್ಟಿದ್ದರು, ನಮ್ಮ ಅಡುಗೆಮನೆ ಗೂಟದಲ್ಲಿದೆ. ಖಜಾಂಚಿ ಹುಡುಗಿ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಅಮಾಯಿಯ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾಳೆ. 2019ರ ಮೇ ತಿಂಗಳಲ್ಲಿ ಒಂದು ಬಂತು. ಅತ್ತ ಕೋಳಿ ಕೂಗುವುದು, ಬೇಸಿನ್ ಸುರಿಯುವ ಸದ್ದು. ಈ ಸಲ 48 ಮನೆ ಕೊಟ್ಟಿವೆ, ಮಿಕ್ಕವರ ಬಳಿ ಮುಂದಿನ ವಾರ ಹೋಗುತ್ತೇನೆ ಅಂದರು. ಹೋದ ವರ್ಷದ ಸೀಲನ್ನು ಹುಡುಗಿಯೇ ಬದಲಿಸಿದಳು, ನಾನು ಬರೀ ನೋಡಿದೆ ಅಂದರು. ಆಮೇಲೆ, ನಿಮ್ಮಪ್ಪನ ಮೆಕ್ಕೆಜೋಳ ಹೇಗಿದೆ, ನಿಮ್ಮ ಕಡೆ ಈ ವರ್ಷ ರೇಟು ಎಷ್ಟು ಅಂತ ಕೇಳಿದರು. ಅಪ್ಪನಿಗೆ ಫೋನ್ ಮಾಡಿ ವಿಚಾರಿಸಿ, ಕ್ವಾಚಾಕ್ಕೆ ಲೆಕ್ಕ ಹಾಕಿ ಹೇಳಿದೆ.